ಇನ್ನೂರು ಸಿಲಿಂಡರ್ ಖಾಲಿ ಜಾಗ

ತಣ್ಣನೆಯ ಗಾಳಿ ಮುಖಕ್ಕೆ ಬಡಿದ ಕೂಡಲೇ ನನಗೆ ಸುಸ್ತಾಯಿತು. ಹೋದ ವಾರ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಹೂವಿನ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ. ಆವತಿಯ ನಮ್ಮ ತೋಟದ ಗುಲಾಬಿ ಈಗ ಅಲ್ಲಿಗೆ ಹೋಗುತ್ತದೆ. ಯಜಮಾನರಿಗೆ ಜ್ವರ, ಹಾಗಾಗಿ ಟೆಂಪೋದಲ್ಲಿ ನಾನೇ ಕೂತು ಬಂದಿದ್ದೆ. ಬಕೆಟ್ ಇಳಿಸುವವರ ಹಿಂದೆ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆಗೆ ಹೊಸ ಬಣ್ಣ ಬಳಿದಿದ್ದರು, ಹೊರಗಿನ ಬೋರ್ಡು ಬೇರೆಯಾಗಿತ್ತು, ಆದರೆ ಆ ಚಳಿ ನನಗೆ ಗೊತ್ತಿದ್ದ ಚಳಿ. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಹನ್ನೊಂದು ವರ್ಷ ನಾನು ಕೆಲಸ ಮಾಡಿದ ಹಾಲ್ ಅದು. ಈಗ ಗುಲಾಬಿ ಬಕೆಟ್‌ಗಳು ನಿಂತಿರುವ ಜಾಗದಲ್ಲಿ ಆಗ ಎರಡು ಬೀರುವಿನಷ್ಟು ದೊಡ್ಡ ಕಪ್ಪು ಯಂತ್ರವೊಂದು ನಿಂತಿತ್ತು.

ಆ ಯಂತ್ರವನ್ನು ನಿಲ್ಲಿಸಿದ ವರ್ಷದ ಮಳೆಗಾಲವನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಭಾರವಾಗುತ್ತದೆ. ದುಃಖಕ್ಕಿಂತ ಆಯಾಸವೇ ಹೆಚ್ಚು. ಒಂದು ಸುಳ್ಳನ್ನು ನಾಲ್ಕು ತಿಂಗಳು ಹೊತ್ತು ತಿರುಗಿದವರಿಗೆ ಆಗುವ ಆಯಾಸ.

ಅದು ಮೇನ್‌ಫ್ರೇಮ್. ದೊಡ್ಡ ಸಂಸ್ಥೆಗಳು ಬಳಸುವ ಭಾರಿ ಕಂಪ್ಯೂಟರ್. ಹೊರಗಿನಿಂದ ನೋಡಿದರೆ ಒಂದೇ ಯಂತ್ರ, ಒಳಗೆ ಅರವತ್ತು. ಹಳ್ಳಿಯ ದೊಡ್ಡ ಮನೆಯನ್ನು ಅಣ್ಣತಮ್ಮಂದಿರು ಗೋಡೆ ಎಬ್ಬಿಸಿಕೊಂಡು ಬೇರೆ ಬೇರೆ ಒಲೆ ಹೂಡುತ್ತಾರಲ್ಲ, ಹಾಗೆ. ಇವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಒಂದೊಂದಕ್ಕೂ ಇಡೀ ಮನೆ ತನ್ನದೇ ಎನ್ನುವ ಭ್ರಮೆ. ಯಾವ ಮಷೀನಿಗೆ ಡಿಸ್ಕಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಜಾಗ ಎನ್ನುವುದನ್ನು ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಅದರ ನಿಜವಾದ ಹೆಸರು ಡೈರೆಕ್ಟರಿ, ನಾವು ಕರೆಯುತ್ತಿದ್ದುದು ಪಹಣಿ ಎಂದು. ಅಳತೆ ಮಾತ್ರ ಎಕರೆ ಗುಂಟೆಗಳಲ್ಲಿ ಅಲ್ಲ, ಸಿಲಿಂಡರ್‌ಗಳಲ್ಲಿ. ಒಂದು ಇನ್ಶೂರೆನ್ಸ್ ಸಂಸ್ಥೆಯ ಕಡತಗಳೆಲ್ಲ ಆ ಅರವತ್ತು ಮನೆಗಳಲ್ಲಿ ವಾಸವಾಗಿದ್ದವು. ಪಹಣಿ ತಿದ್ದುವ ಅಧಿಕಾರ ಮೂರು ಜನಕ್ಕೆ ಇತ್ತು. ಮುನಿರಾಜು ಸಾರ್, ರಫೀಕ್, ನಾನು.

ರಫೀಕ್ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗ. ಹುಡುಗ ಎಂದರೆ ಎರಡು ಮಕ್ಕಳ ತಂದೆ, ಆದರೆ ನನ್ನನ್ನು ಅಕ್ಕ ಎನ್ನುತ್ತಿದ್ದುದರಿಂದ ನನಗೆ ಹುಡುಗನೇ. ಮುನಿರಾಜು ಸಾರ್‌ಗೆ ಐವತ್ತೆಂಟು. ದೇವನಹಳ್ಳಿ ಹತ್ತಿರದ ವಿಜಯಪುರದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ತಮ್ಮ ರೇಷ್ಮೆ ಹುರಿ ಮಾಡುವ ಮಿಷನ್ ಓಡಿಸಿದರೆ ಅಣ್ಣ ಮೇನ್‌ಫ್ರೇಮ್ ಓಡಿಸುತ್ತಿದ್ದರು. ಯಂತ್ರ ಲಾರಿಯಿಂದ ಇಳಿದ ದಿನ ಅದನ್ನು ಮೊದಲು ಚಾಲೂ ಮಾಡಿದವರು ಅವರೇ. ಅರವತ್ತು ಮಷೀನುಗಳ ಗಡಿ ನಂಬರುಗಳು ಅವರಿಗೆ ಬಾಯಿಪಾಠ. ಆದರೂ ಪ್ರತಿಯೊಂದನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ರಫೀಕ್ ಕಂಪ್ಯೂಟರಿನಲ್ಲಿ ಹುಡುಕಿ ಹೇಳುವಷ್ಟರಲ್ಲಿ ಅವರು ಬಾಯಲ್ಲಿ ಹೇಳಿ, ನೋಟ್‌ಬುಕ್ ತೆರೆದು ತೋರಿಸಿ, ಟೀ ಕುಡಿಯಲು ಹೊರಟಿರುತ್ತಿದ್ದರು.

ನಮಗೆ ಅವರು ಕಲಿಸಿದ ಒಂದು ಪದ್ಧತಿ ಇತ್ತು. ಹೊಸ ಮಷೀನಿಗೆ ಜಾಗ ಕೊಡುವಾಗ ಡಿಸ್ಕಿನ ನಕ್ಷೆ ತೆಗೆದು ಎಲ್ಲಿ ಖಾಲಿ ಇದೆ ನೋಡುತ್ತೇವೆ. ನಕ್ಷೆ ತಯಾರಾಗುವುದು ಪಹಣಿಯಿಂದ. ಪಹಣಿಯಲ್ಲಿ ಹೆಸರಿಲ್ಲದ ಜಾಗವೆಲ್ಲ ನಕ್ಷೆಗೆ ಖಾಲಿ. ಆದರೆ ಹೆಸರು ಹೋದ ಮಾತ್ರಕ್ಕೆ ಸಾಮಾನು ಹೋಗಿರುತ್ತದೆ ಎಂದೇನಿಲ್ಲ. "ಖಾಲಿ ಮನೆ ಅಂತ ನುಗ್ಬೇಡ್ರಪ್ಪಾ. ಯಾರಿದ್ದೀರಾ ಒಳಗೆ ಅಂತ ಒಂದ್ಸಲ ಕೂಗ್ರಿ," ಎನ್ನುತ್ತಿದ್ದರು. ಕೂಗುವುದೆಂದರೆ ಒಂದು ಸಣ್ಣ ಕಮಾಂಡ್. ಆ ಜಾಗವನ್ನು ತೆರೆಯಲು ನೋಡಬೇಕು. ಹಳೆಯ ಫೈಲುಗಳಿದ್ದರೆ ತೆರೆದುಕೊಂಡು ಕಾಣುತ್ತವೆ, ಇಲ್ಲವಾದರೆ ಏನೂ ಇಲ್ಲ ಎನ್ನುತ್ತದೆ. ಅರ್ಧ ನಿಮಿಷದ ಕೆಲಸ. ಅದಾದ ಮೇಲಷ್ಟೇ ಜಾಗವನ್ನು ಅಳಿಸಿ ಹೊಸಬರಿಗೆ ಕೊಡಬೇಕು. "ಕೂಗಿದ್ಯಾ?" ಎನ್ನುವುದು ನಮ್ಮ ಹಾಲಿನಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಮಾತಾಗಿತ್ತು.

ಆ ವರ್ಷ ಜೂನ್ ಮೊದಲ ವಾರ ಸುದ್ದಿ ಬಂತು. ಡಿಸೆಂಬರಿಗೆ ಯಂತ್ರ ಬಂದ್. ಒಳಗಿರುವ ಅರವತ್ತನ್ನೂ ಬೇರೆ ಊರಿನ ಸರ್ವರ್‌ಗಳಿಗೆ ಸಾಗಿಸಬೇಕು. ಮ್ಯಾನೇಜರ್ ಪ್ರಶಾಂತ್ ಬೆಂಗಳೂರಿನ ಆಫೀಸಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲಿ ಮೀಟಿಂಗ್ ಕರೆಯುತ್ತಿದ್ದ. ಅರ್ಧ ಗಂಟೆ ಎಂದು ಶುರುವಾಗಿ ಹನ್ನೊಂದೂವರೆಗೆ ಮುಗಿಯುತ್ತಿತ್ತು. ಕೆಲಸ ಮಾಡುವವರು ಮೂರು ಜನ, ಕೆಲಸ ಎಲ್ಲಿಗೆ ಬಂತು ಎಂದು ಕೇಳುವವರು ಎಂಟು ಜನ. ಸುದ್ದಿ ಬಂದ ದಿನ ಮುನಿರಾಜು ಸಾರ್ ಬೇಜಾರು ತೋರಿಸಲಿಲ್ಲ.

"ಎಬ್ಬಿಸ್ದೋನು ನಾನು. ಮಲಗಿಸೋದೂ ನಾನೇ," ಎಂದರು. "ಡಿಸೆಂಬರ್ ಗಂಟ ಹೆಂಗೋ ಇದ್ದು, ಅದನ್ನ ಸರಿಯಾಗಿ ಮಲಗ್ಸಿ ಮನೇಗ್ ಹೋಗ್ತೀನಿ."

ಮಳೆ ಆ ವರ್ಷ ಬಂದೂ ಬಾರದ ಹಾಗೆ ಬಂತು. ಜೂನ್ ಪೂರ್ತಿ ಮೋಡ, ಗಾಳಿ, ಜಿಟಿಜಿಟಿ. ಜುಲೈ ನಡುವಿಗೆ ಒಂದು ಹದ ಮಳೆ ಬಿದ್ದು ಆವತಿಯಲ್ಲಿ ಎಲ್ಲರೂ ಒಟ್ಟಿಗೆ ರಾಗಿ ಬಿತ್ತನೆಗೆ ಬಿದ್ದರು. ನಮ್ಮದೂ ಎರಡು ಎಕರೆ. ಬಿತ್ತನೆಯ ವಾರ ನಾಲ್ಕೂವರೆಗೆ ಎದ್ದು ಆಳುಗಳಿಗೆ ಮುದ್ದೆ ಸಾರು ಮಾಡಿಟ್ಟು, ಮಂಡಿ ಆಪರೇಷನ್ ಆಗಿದ್ದ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ತಂದು, ಸ್ಕೂಟರಿನಲ್ಲಿ ದೇವನಹಳ್ಳಿಗೆ ಬಂದು, ಅಲ್ಲಿಂದ ಕಂಪನಿಯ ವ್ಯಾನ್ ಹಿಡಿಯುತ್ತಿದ್ದೆ. ವ್ಯಾನಿನಲ್ಲಿ ಕೂತ ಕೂಡಲೇ ತೂಕಡಿಕೆ. ಮೀಟಿಂಗಿನಲ್ಲೂ ತೂಕಡಿಕೆ. ನನಗೇನು ಕಷ್ಟ ಎಂದು ಯಾರೂ ಕೇಳಲಿಲ್ಲ ಎಂದಲ್ಲ. ಮುನಿರಾಜು ಸಾರ್ ಕೇಳಿದ್ದರು. "ಎರಡು ದಿವ್ಸ ರಜಾ ಹಾಕಮ್ಮ, ನಾವು ನೋಡ್ಕೊತೀವಿ," ಎಂದಿದ್ದರು. ನಾನು ಹಾಕಲಿಲ್ಲ. ಇಲ್ಲದ ಸ್ವಾಭಿಮಾನ.

ಅದೇ ವಾರದ ಗುರುವಾರ, ಮಧ್ಯಾಹ್ನ ನಾನು ಊಟಕ್ಕೆ ಏಳುವ ಮೊದಲು, ಪ್ರಶಾಂತ್ ಫೋನ್ ಮಾಡಿದ. ಸಾಗಣೆಯ ನಕಲುಗಳನ್ನು ಇಡಲು ಒಂದು ಹೊಸ ಮಷೀನು ಬೇಕು, ಒಂದು ಗಂಟೆಯೊಳಗೆ ಬೇಕು. ಮುನಿರಾಜು ಸಾರ್ ಮತ್ತು ರಫೀಕ್ ಊಟಕ್ಕೆ ಹೋಗಿದ್ದರು. ನಕ್ಷೆ ತೆಗೆದೆ. ಒಂದು ಡಿಸ್ಕಿನಲ್ಲಿ ಅಚ್ಚುಕಟ್ಟಾಗಿ ಇನ್ನೂರು ಸಿಲಿಂಡರ್ ಖಾಲಿ ಇತ್ತು. ಹೊಸ ಮಷೀನಿನ ಹೆಸರಿಗೆ ಬರೆದೆ. ಅಳಿಸುವ ಕಮಾಂಡ್ ಕೊಟ್ಟೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ, ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ ಒತ್ತು ಎಂದು ಅದು ಕೇಳಿತು. ಪಾಪ, ಆ ಯಂತ್ರ ಯಾವಾಗಲೂ ಕೇಳಿಯೇ ಮಾಡುತ್ತಿತ್ತು. ನಾನು ಒಂದು ಒತ್ತಿದೆ. ಮೂರು ನಿಮಿಷದಲ್ಲಿ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಾನು ಕೂಗಿರಲಿಲ್ಲ. ಮರೆತೆ ಎಂದರೂ ಸುಳ್ಳಾಗುತ್ತದೆ. ಕೂಗಬೇಕು ಎನ್ನುವುದು ನೆನಪಿಗೆ ಬಂದಿತ್ತು. ಏನಿರುತ್ತೆ ಬಿಡು, ಹೊಟ್ಟೆ ಹಸಿಯುತ್ತಿದೆ ಎಂದುಕೊಂಡೆ.

ಆಗಸ್ಟ್ ಎರಡನೇ ವಾರ ಇನ್ಶೂರೆನ್ಸಿನವರಿಂದ ಒಂದು ಬೇಡಿಕೆ ಬಂತು. ಯಾವುದೋ ಮುಚ್ಚಿಹೋದ ನೂಲಿನ ಗಿರಣಿಯ ಕಾರ್ಮಿಕನೊಬ್ಬ ತೀರಿಕೊಂಡಿದ್ದ. ಅವನ ಹಳೆಯ ಕಡತದಲ್ಲಿ ನಾಮಿನಿ ಯಾರು ಎಂದು ನೋಡಿ ಹೇಳಬೇಕಿತ್ತು. ಮುನಿರಾಜು ಸಾರ್ ನಿರಾಳವಾಗಿ ನೋಟ್‌ಬುಕ್ ತೆರೆದರು. ಅಂಥ ಮುಚ್ಚಿದ ಗಿರಣಿಗಳ ಕಡತವಿದ್ದ ಮಷೀನನ್ನು ತೆಗೆದುಹಾಕಿ ಎಂದು ಏಪ್ರಿಲ್‌ನಲ್ಲೇ ಮೇಲಿನಿಂದ ಆದೇಶ ಬಂದಿತ್ತು. ನಾನು ಆಗ ಅತ್ತೆಯ ಆಪರೇಷನ್ನಿಗೆ ರಜೆ ಹಾಕಿದ್ದೆ. ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ ಎಂದು ಅವರಿಗೆ ಅನಿಸಿ, ಪಹಣಿಯ ಆ ಸಾಲನ್ನು ಅಳಿಸುವ ಬದಲು ಸಾಲಿನ ಮುಂದೆ ಒಂದು ನಕ್ಷತ್ರದ ಗುರುತು ಹಾಕಿ, ಪಕ್ಕದಲ್ಲಿ ತಮ್ಮ ಹೆಸರು ತಾರೀಕು ಬರೆದು ಬಿಟ್ಟಿದ್ದರು. ನಕ್ಷತ್ರವಿದ್ದ ಸಾಲನ್ನು ಯಂತ್ರ ಓದುವುದಿಲ್ಲ. ಹಾಗಾಗಿ ಮಷೀನು ಇಲ್ಲದ ಹಾಗೆ, ಆದರೆ ಫೈಲುಗಳು ಇದ್ದಲ್ಲೇ ಇದ್ದವು. ನಕ್ಷತ್ರ ತೆಗೆದರೆ ಎಲ್ಲ ವಾಪಸ್. ಅವರು ನಕ್ಷತ್ರ ತೆಗೆಯಲು ಹೋದರು. ಅಲ್ಲಿ ನನ್ನ ಹೊಸ ಮಷೀನು ಸಂಸಾರ ಹೂಡಿತ್ತು.

ಮರುದಿನ ಹತ್ತರ ಮೀಟಿಂಗಿನಲ್ಲಿ ವಿಷಯ ಬಂತು. ಹೊರಗೆ ಮಳೆ ಹಿಡಿದಿತ್ತು. ನಾವು ಮೂವರೂ ಒಂದೇ ಮೇಜಿನ ಸುತ್ತ, ಉಳಿದವರು ಫೋನಿನಲ್ಲಿ. ಮುನಿರಾಜು ಸಾರ್ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. ಆ ದನಿಯಲ್ಲಿ ಅನುಮಾನವೇ ಇರಲಿಲ್ಲ.

"ಸುಕನ್ಯಾ, ಕೊಡೋಕ್ ಮುಂಚೆ ಕೂಗಿದ್ಯಾ?"

"ಕೂಗ್ದೆ ಸಾರ್," ಎಂದೆ. "ಏನೂ ಬರ್ಲಿಲ್ಲ. ಖಾಲಿ ಅಂತು."

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ನಾನೇನು ಹೇಳಿದೆ ಎಂದು. ಅವರು ತಲೆಯಾಡಿಸಿದರು. ಹುಬ್ಬು ಗಂಟು ಹಾಕಿಕೊಂಡು ನೋಟ್‌ಬುಕ್ ನೋಡಿದರು. "ಹಂಗಾದ್ರೆ ಹೆಂಗಾಯ್ತು ಇದು?" ಎಂದರು. ಅದು ನನಗೆ ಕೇಳಿದ ಪ್ರಶ್ನೆಯಲ್ಲ.

ಅಲ್ಲಿಂದ ಶುರುವಾಯಿತು ಚರ್ಚೆ. ನಮ್ಮಂಥ ಯಂತ್ರ ನೋಡಿಕೊಳ್ಳುವವರದ್ದು ಜಗತ್ತಿನಾದ್ಯಂತ ಒಂದು ಮೇಲ್ ಬಳಗವಿದೆ. ಬಹುತೇಕ ತಲೆ ನರೆತವರು. ಮುನಿರಾಜು ಸಾರ್ ಅದನ್ನು ದಿನಾ ಪೇಪರ್ ಓದುವ ಹಾಗೆ ಓದುತ್ತಿದ್ದರು. ಅಲ್ಲಿ ಇಡೀ ಪ್ರಸಂಗ ಬರೆದು ಕೇಳಿದರು. ಏಪ್ರಿಲ್‌ನಲ್ಲಿ ಫೈಲುಗಳಿದ್ದ ಜಾಗ ಜುಲೈನಲ್ಲಿ ಖಾಲಿ ಎಂದು ಹೇಳಲು ಏನು ಕಾರಣವಿರಬಹುದು? ಉತ್ತರಗಳ ಸುರಿಮಳೆ. ಮೇ ತಿಂಗಳಲ್ಲಿ ಡಿಸ್ಕಿನ ಪೆಟ್ಟಿಗೆ ರಿಪೇರಿ ಆಗಿತ್ತಲ್ಲ, ಆಗ ಹೋಗಿರಬೇಕು ಎಂದ ಒಬ್ಬ. ಪಕ್ಕದ ಜಾಗದವರು ಗಡಿ ದಾಟಿ ಬರೆದಿರಬೇಕು ಎಂದ ಇನ್ನೊಬ್ಬ. ಸಾಲು ಅಳಿಸಬೇಕಿತ್ತು, ನಕ್ಷತ್ರ ಹಾಕಿದ್ದೇ ತಪ್ಪು ಎಂದು ಕೆಲವರು. ನಕ್ಷತ್ರವೇ ಸರಿ, ನಾವೂ ಹಾಗೇ ಮಾಡುತ್ತೇವೆ ಎಂದು ಕೆಲವರು. ಬ್ಯಾಕಪ್ ನಕಲನ್ನು ಪಹಣಿ ನೋಡಿಕೊಂಡು ತೆಗೆಯುತ್ತಿದ್ದಿರಿ, ನಕ್ಷತ್ರದ ಸಾಲು ಅದಕ್ಕೆ ಕಾಣಲಿಲ್ಲ, ಇಡೀ ಡಿಸ್ಕ್ ತೆಗೆಯಬೇಕಿತ್ತು ಎಂದು ಬುದ್ಧಿ ಹೇಳಿದವರು ಬಹಳ. ಅಟ್ಟ ಮೇಲೆ ಒಲೆ ಉರಿಯಿತು. ಯಾವ ಯಾವ ದೇಶದಲ್ಲೋ ಕೂತು ಒಳ್ಳೆಯ ಮನಸ್ಸಿನ ಜನ, ನಡೆದೇ ಇಲ್ಲದ ಒಂದು ಘಟನೆಗೆ ಕಾರಣ ಹುಡುಕುತ್ತಿದ್ದರು. ನಾನು ಪ್ರತಿ ಮೇಲನ್ನೂ ಓದಿದೆ. ಎಲ್ಲವೂ ಜಾಣತನದ ಮಾತುಗಳೇ. ಓದಿ ಓದಿ ನನಗೇ ಒಂದೊಂದು ಸಲ, ಇರಬಹುದೇನೋ, ನಾನು ಕೂಗಿದ್ದರೂ ಖಾಲಿ ಎನ್ನುತ್ತಿತ್ತೇನೋ ಅನಿಸುತ್ತಿತ್ತು.

ನಾಲ್ಕನೇ ದಿನ ಒಬ್ಬ ಮುದುಕ ಒಂದೇ ಸಾಲು ಬರೆದ. ಅಳಿಸಿದ ದಿನದ ಕನ್ಸೋಲ್ ಲಾಗ್ ನೋಡಿದಿರಾ? ಒತ್ತಿದ ಪ್ರತಿ ಕೀಲಿಯೂ ಆ ಲಾಗಿನಲ್ಲಿ ಇರುತ್ತದೆ. ನಾನು ಕೂಗಿಲ್ಲ ಎನ್ನುವುದೂ ಇರುತ್ತದೆ. ಓದಿ ಭಯವಾಯಿತು. ಒಳ್ಳೆಯದೇ ಆಯಿತು, ಇನ್ನು ತಾನಾಗಿ ಗೊತ್ತಾಗುತ್ತದೆ ಎಂದು ಸಮಾಧಾನವೂ ಆಯಿತು. ಸಂಜೆ ಮುನಿರಾಜು ಸಾರ್ ಉತ್ತರ ಬರೆದರು. ಈ ಕೆಲಸ ಮಾಡಿದವರು ನನ್ನ ಸಹೋದ್ಯೋಗಿ, ಖಾಲಿ ಇತ್ತು ಎಂದು ಅವರು ಹೇಳಿದ್ದಾರೆ, ಅವರ ಮಾತನ್ನು ನಂಬದೆ ನಾನು ಲಾಗ್ ನೋಡುವುದಿಲ್ಲ. ಅದನ್ನು ಓದಿ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದು ಹೇಳಿದೆನೇ? ಇಲ್ಲ. ಲಾಗ್ ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತಿತ್ತು. ಆ ದಿನಗಳೂ ಕಳೆದವು.

ಆ ಕಾರ್ಮಿಕನ ಕಾಗದದ ಕಡತ ಇನ್ಶೂರೆನ್ಸಿನವರ ಗೋಡೌನಿನಲ್ಲೇ ಸಿಕ್ಕಿತು. ಅವನ ಹೆಂಡತಿಯ ಹೆಸರು ಅದರಲ್ಲಿತ್ತು, ಆಕೆಯ ಕೆಲಸವಾಯಿತು. ಉಳಿದವರ ಕಡತಗಳೂ ಅಲ್ಲೇ ಇವೆ ಎಂದು ಗೊತ್ತಾಗಿ ಆ ಕಡೆಯವರು ಸುಮ್ಮನಾದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುನಿರಾಜು ಸಾರ್‌ಗೆ ಮುಗಿಯಲಿಲ್ಲ. ಎಲ್ಲ ಕಾರಣಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿ ಹೊಡೆದುಹಾಕಿದರು. ರಿಪೇರಿಯವರ ತಪ್ಪಲ್ಲ, ಪಕ್ಕದವರು ಗಡಿ ದಾಟಿಲ್ಲ. ಕೊನೆಗೆ ಉಳಿದದ್ದು ಒಂದೇ. ಏಪ್ರಿಲ್‌ನಲ್ಲಿ ಅವರೇ ಏನೋ ಎಡವಟ್ಟು ಮಾಡಿ ಮರೆತಿರಬೇಕು.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಟೀ ಕುಡಿಯುತ್ತಾ ಅದನ್ನೇ ಹೇಳಿದರು.

"ನಾನೇ ಅಳಿಸ್ಬಿಟ್ಟಿರ್ಬೇಕು ಕಣಪ್ಪಾ. ನಕ್ಷತ್ರ ಹಾಕಿದ್ದು ಜ್ಞಾಪ್ಕ ಐತೆ, ಆಮೇಲೇನ್ ಮಾಡ್ದೆ ಅಂತ ಜ್ಞಾಪ್ಕ ಇಲ್ಲ."

"ಹೇ ಬಿಡಿ ಸಾರ್, ನಿಮಗೆ ಮರೆಯೋದಾ? ನನ್ ಮದ್ವೆ ದಿನ ನನಗೇ ಮರೆತೋಗುತ್ತೆ, ನೀವು ಜ್ಞಾಪಿಸ್ತೀರ," ಎಂದು ರಫೀಕ್ ನಗಿಸಲು ನೋಡಿದ.

ಅವರು ನಗಲಿಲ್ಲ. "ನಮ್ಮಪ್ಪಂಗೂ ಹಿಂಗೇ ಶುರು ಆಗಿದ್ದು. ಮೊದ್ಲು ನೂಲಿನ ಲೆಕ್ಕ ತಪ್ತು, ಕೊನೆಗೆ ನಮ್ಮನ್ನೇ ಯಾರು ಅಂದ," ಎಂದರು.

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. ಪ್ರಶಾಂತನಿಗೆ ಗೊತ್ತಾಗುತ್ತದೆ, ಮುಂದೆ ಬೆಂಗಳೂರಿನ ಟೀಮಿಗೆ ನನ್ನನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೆದರಿ, "ಟೀ ಆರೋಗುತ್ತೆ ಸಾರ್," ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಆಮೇಲೆ ಅವರು ಬದಲಾದರು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ನಂಬರುಗಳನ್ನು ನೋಟ್‌ಬುಕ್ ನೋಡಿ ಹೇಳತೊಡಗಿದರು. ನೋಟ್‌ಬುಕ್ ನೋಡಿಯೂ ನಂಬಿಕೆ ಬಾರದೆ, "ಇದು ಸರಿಯಾ ನೋಡಮ್ಮ ಸುಕನ್ಯಾ," ಎಂದು ನನ್ನನ್ನು ಕರೆಯುತ್ತಿದ್ದರು. ನನ್ನನ್ನು! ಎಲ್ಲವೂ ಸರಿಯಾಗಿರುತ್ತಿತ್ತು. ಒಂದು ಅಂಕಿಯೂ ತಪ್ಪಿರುತ್ತಿರಲಿಲ್ಲ. ಆದರೂ ಎಂಟರ್ ಒತ್ತುವ ಮೊದಲು ಅವರ ಬೆರಳು ಕೀಲಿಯ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಇದು ಪ್ರಶಾಂತನ ಕಣ್ಣಿಗೂ ಬಿತ್ತು. ಸಾಗಣೆ ತಡವಾಗುತ್ತಿದೆ ಎಂದು ಅಕ್ಟೋಬರ್ ಮೊದಲ ವಾರ ಅವರ ತಿದ್ದುವ ಅಧಿಕಾರವನ್ನು ತೆಗೆಸಿದ. ನೋಡಬಹುದು, ಮುಟ್ಟುವಂತಿಲ್ಲ. ಎಂಟು ದಿನ ಹಾಗೆ ಕೂತಿದ್ದು, ಒಂಬತ್ತನೆಯ ದಿನ ಅವರೇ ರಾಜೀನಾಮೆ ಕೊಟ್ಟರು. ಹಿಂಗಾರಿನ ಜೋರು ಮಳೆಯಲ್ಲಿ ಊಟದ ಬ್ಯಾಗ್ ತಲೆಗೆ ಹಿಡಿದುಕೊಂಡು ಬಸ್ಸಿಗೆ ಓಡಿದರು. ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಯಂತ್ರವನ್ನು ಮಲಗಿಸಿದವಳು ನಾನು. ರಫೀಕ್ ಪಕ್ಕದಲ್ಲಿದ್ದ. ಅರವತ್ತು ಮಷೀನುಗಳೂ ಅಷ್ಟರಲ್ಲಿ ಬೇರೆಡೆಗೆ ಹೋಗಿದ್ದವು, ಅವನ್ನೆಲ್ಲ ಹೊತ್ತಿದ್ದ ಮೂಲಮನೆ ಮಾತ್ರ ಉಳಿದಿತ್ತು. ಕಮಾಂಡ್ ಕೊಟ್ಟೆ. ಹನ್ನೊಂದೂಕಾಲಿಗೆ ಪರದೆ ಕಪ್ಪಾಯಿತು. ಪವರ್ ತೆಗೆದ ಮೇಲೆ ಫ್ಯಾನುಗಳ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹಾಲಿನಲ್ಲಿ ನಾವು ಮೆಲ್ಲಗೆ ಮಾತಾಡಿದರೂ ಕೇಳಿಸುತ್ತಿತ್ತು.

"ಅವರಿರ್ಬೇಕಿತ್ತು ಅಕ್ಕ," ಎಂದ ರಫೀಕ್.

ನಾನು ಮನೆಗೆ ಹೋಗಲಿಲ್ಲ. ಸ್ಕೂಟರ್ ತಂದಿದ್ದೆ, ಸೀದಾ ವಿಜಯಪುರಕ್ಕೆ ಹೋದೆ. ದಾರಿಯುದ್ದಕ್ಕೂ ರಾಗಿ ಕಟಾವಾಗಿ ಮೆದೆ ಹಾಕಿದ್ದರು. ಏನು ಹೇಳಬೇಕು ಎಂದು ದಾರಿಯಲ್ಲಿ ಹತ್ತು ಸಲ ಹೇಳಿಕೊಂಡೆ. ಅವರು ಬೈದರೆ ಬೈಸಿಕೊಳ್ಳಬೇಕು, ಎದ್ದು ಹೋಗು ಎಂದರೆ ಹೋಗಬೇಕು ಎಂದು ನಿರ್ಧರಿಸಿದ್ದೆ.

ಮುನಿರಾಜು ಸಾರ್ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊರಗಿದ್ದರು. ಅವರ ಹೆಂಡತಿ ರತ್ನಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು.

"ಮಲಗಿಸಿದ್ಯಾ?" ಎಂದು ಕೇಳಿದರು ಸಾರ್.

"ಹೂಂ ಸಾರ್. ಈಗ್ತಾನೆ."

"ತಕರಾರು ಮಾಡ್ಲಿಲ್ವಾ?"

"ಇಲ್ಲ ಸಾರ್. ಸಲೀಸಾಗಿ ಹೋಯ್ತು."

ಅವರು ಹೂಂ ಎಂದರು. ಇನ್ನು ತಡಮಾಡಿದರೆ ಧೈರ್ಯ ಹೋಗುತ್ತದೆ ಎಂದು ನಿಂತುಕೊಂಡೇ ಹೇಳಿಬಿಟ್ಟೆ. "ಸಾರ್, ಜುಲೈನಲ್ಲಿ ಆ ಇನ್ನೂರು ಸಿಲಿಂಡರ್ ಕೊಟ್ನಲ್ಲ, ಆವತ್ತು ನಾನು ಕೂಗ್ಲಿಲ್ಲ. ಕೂಗ್ದೆ ಅಂತ ನಿಮಗೆ ಸುಳ್ಳು ಹೇಳ್ದೆ. ನೋಡದೇನೇ ಅಳಿಸ್ಬಿಟ್ಟೆ."

ಅವರು ನನ್ನ ಮುಖವನ್ನೇ ನೋಡಿದರು. "ಕೂಗ್ಲೇ ಇಲ್ವಾ?"

"ಇಲ್ಲ ಸಾರ್."

"ಹಂಗಾದ್ರೆ ಫೈಲುಗಳು ಇದ್ವು."

"ಇದ್ವು ಸಾರ್. ಇದ್ದೇ ಇರ್ತವೆ."

"ನಾನು ಬರ್ಕೊಂಡಿದ್ ನಂಬರ್ರೂ ಸರಿಯಾಗಿತ್ತು?"

"ಎಲ್ಲಾ ಸರಿಯಾಗಿತ್ತು ಸಾರ್. ನೀವೇನೂ ಮರ್ತಿರ್ಲಿಲ್ಲ."

ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. ಹೋಗಲಿ ಬಿಡು ಎಂದೂ ಹೇಳಲಿಲ್ಲ. ನಾನು ಎದುರಿಗೆ ನಿಂತಿದ್ದೇನೆ ಎನ್ನುವುದೇ ಅವರ ಗಮನದಿಂದ ಹೋಗಿತ್ತು. ಕುರ್ಚಿಯಿಂದ ಅರ್ಧ ಎದ್ದು ಹೆಂಡತಿಯ ಕಡೆ ತಿರುಗಿದರು.

"ರತ್ನಾ, ಕೇಳಿಸ್ತಾ? ನಂಗೆ ಮರೆವು ಬಂದಿಲ್ವಂತೆ ಕಣೇ!"

ಅವರು ನಗುತ್ತಿದ್ದರು. ರತ್ನಮ್ಮ ನಗಲಿಲ್ಲ. ಕೈಯಲ್ಲಿದ್ದ ಅವರೆಕಾಳನ್ನು ಬೋಸಿಗೆ ಹಾಕಿ, ತಲೆಯೆತ್ತಿ ನನ್ನನ್ನು ನೋಡಿದರು.

"ನಾಕು ತಿಂಗ್ಳಿಂದ ಕಣಮ್ಮ," ಎಂದರು, "ದಿನಾ ಬೆಳಗಾಗೆದ್ದು ಕೈ ಬೆರಳು ಮಡಿಸ್ಕೊಂಡು ಮೊಮ್ಮಕ್ಕಳ ಹೆಸರೆಲ್ಲಾ ಒಂದ್ಸಲ ಹೇಳ್ಕೊಂಡ್ ನೋಡೋರು. ಎಲ್ಲಾ ಜ್ಞಾಪ್ಕ ಐತಾ ಅಂತ."